ಮೊದಲು ಕುಡಿತ ನಿಲ್ಲಿಸಿ, ಆಮೇಲೆ ಸಕ್ಕರೆ ಇಳಿಸಿ

ಕುಡಿತ ಬಿಡಲು ಹೊರಟವರಲ್ಲಿ ಅನೇಕರು ಅದೇ ಹುರುಪಿನಲ್ಲಿ ಸಿಹಿಯನ್ನೂ ಅವತ್ತೇ ಬಿಟ್ಟುಬಿಡುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಎರಡೂ ವಾಪಸ್ ಬಂದಿರುತ್ತವೆ. ಮನಸ್ಸು ಗಟ್ಟಿ ಇಲ್ಲ ಎಂದು ಬೈದುಕೊಳ್ಳುವ ಮೊದಲು ಒಂದು ಲೆಕ್ಕ ನೋಡಿ. ಒಂದು ಗ್ರಾಂ ಆಲ್ಕೋಹಾಲ್‌ನಲ್ಲಿ 7 ಕ್ಯಾಲೊರಿ, ಒಂದು ಗ್ರಾಂ ಸಕ್ಕರೆಯಲ್ಲಿ 4. ಶೇ. 40ರ ಮದ್ಯವನ್ನು ದಿನಾ 180 ಮಿ.ಲೀ. ಕುಡಿಯುವವರಿಗೆ ಆಲ್ಕೋಹಾಲ್ ಒಂದರಿಂದಲೇ ಸುಮಾರು 400 ಕ್ಯಾಲೊರಿ ಸಿಗುತ್ತಿರುತ್ತದೆ. ಅಂದರೆ 100 ಗ್ರಾಂ ಸಕ್ಕರೆಯಲ್ಲಿ ಇರುವಷ್ಟು. ಅದು ದಿಢೀರನೆ ನಿಂತಾಗ ದೇಹ ಬೇಗ ಸಿಗುವ ಶಕ್ತಿಯನ್ನು ಹುಡುಕುತ್ತದೆ, ಮಿದುಳು ಸುಲಭಕ್ಕೆ ಸಿಗುವ ಖುಷಿಯನ್ನು ಹುಡುಕುತ್ತದೆ. ಸಿಹಿಯಲ್ಲಿ ಎರಡೂ ಇವೆ. ಅದಕ್ಕೇ ಯಾವತ್ತೂ ಸಿಹಿ ಮುಟ್ಟದವರಿಗೂ ಕುಡಿತ ಬಿಟ್ಟ ವಾರದಲ್ಲಿ ಚಾಕೊಲೇಟ್ ನೆನಪಾಗುವುದು.

ಹಾಗಾಗಿ ಇಲ್ಲಿ ಹೇಳುವ ಕ್ರಮ ಇಷ್ಟು: ಮೊದಲು ಮದ್ಯವನ್ನು ಪೂರ್ತಿ ನಿಲ್ಲಿಸಿ. ಮೂರು-ನಾಲ್ಕು ವಾರ ಸಿಹಿಯ ವಿಷಯದಲ್ಲಿ ಸ್ವಲ್ಪ ಸಡಿಲವಾಗಿರಿ. ನಿದ್ದೆ, ಹಸಿವು ಒಂದು ಹದಕ್ಕೆ ಬಂದ ಮೇಲೆ ಸಕ್ಕರೆಯನ್ನು ಹಂತ ಹಂತವಾಗಿ ಇಳಿಸಿ. ಮಧುಮೇಹ ಇರುವವರಿಗೆ ಮಾತ್ರ ಈ ಸಡಿಲಿಕೆ ಹೊಂದುವುದಿಲ್ಲ. ಅವರ ಮಾತು ಕೆಳಗೆ ಪ್ರತ್ಯೇಕವಾಗಿದೆ.

ಎಷ್ಟು ಗ್ರಾಂ ಕುಡಿಯುತ್ತಿದ್ದೀರಿ?

"ದಿನಾ ಸ್ವಲ್ಪ" ಎಂಬುದು ಅಳತೆಯಲ್ಲ. ಬಾಟಲಿ ಮೇಲೆ ಆಲ್ಕೋಹಾಲ್ ಶೇಕಡಾವಾರು ಬರೆದಿರುತ್ತದೆ. ಕುಡಿದ ಮಿ.ಲೀ.ಯನ್ನು ಆ ಶೇಕಡಾವಾರಿನಿಂದ ಗುಣಿಸಿ, 100ರಿಂದ ಭಾಗಿಸಿ, ಬಂದ ಉತ್ತರವನ್ನು ಮತ್ತೆ 0.8ರಿಂದ ಗುಣಿಸಿದರೆ ಶುದ್ಧ ಆಲ್ಕೋಹಾಲ್ ಎಷ್ಟು ಗ್ರಾಂ ಎಂದು ಸಿಗುತ್ತದೆ. ಶೇ. 40ರ ವಿಸ್ಕಿ ಅಥವಾ ರಮ್ 60 ಮಿ.ಲೀ. ಅಂದರೆ ಸುಮಾರು 19 ಗ್ರಾಂ. ಶೇ. 12ರ ವೈನ್ 150 ಮಿ.ಲೀ.ಗೆ 14 ಗ್ರಾಂ. ಶೇ. 5ರ ಬಿಯರ್ 650 ಮಿ.ಲೀ. ಬಾಟಲಿಗೆ 26 ಗ್ರಾಂ. ಅದೇ ಬಾಟಲಿ ಶೇ. 8ರ ಸ್ಟ್ರಾಂಗ್ ಬಿಯರ್ ಆದರೆ ಸುಮಾರು 42 ಗ್ರಾಂ. "ನಾನು ಬರೀ ಬಿಯರ್ ಕುಡಿಯೋದು" ಎನ್ನುವವರು ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ಓದಬೇಕು: ಒಂದು ಸ್ಟ್ರಾಂಗ್ ಬಿಯರ್ 60 ಮಿ.ಲೀ.ಯ ಎರಡು ಪೆಗ್‌ಗಿಂತ ತುಸು ಹೆಚ್ಚೇ ಆಯಿತು.

ಏನೂ ಕಡಿಮೆ ಮಾಡದೆ ಏಳು ದಿನ ಇದನ್ನು ಬರೆದಿಡಿ. ಎಷ್ಟು ಗಂಟೆಗೆ, ಯಾರ ಜೊತೆ, ಅದಕ್ಕೆ ಮುಂಚೆ ಊಟ ಆಗಿತ್ತೋ ಇಲ್ಲವೋ ಎಂಬುದೂ ಇರಲಿ. ಈ ಒಂದು ಹಾಳೆ ಎರಡು ಕೆಲಸಕ್ಕೆ ಬರುತ್ತದೆ: ನೀವಾಗಿಯೇ ನಿಲ್ಲಿಸಬಹುದೋ ವೈದ್ಯರ ಸಹಾಯ ಬೇಕೋ ಎಂದು ನಿರ್ಧರಿಸಲು, ಮತ್ತು ದಿನದ ಯಾವ ಹೊತ್ತು ನಿಮಗೆ ಕಷ್ಟದ್ದು ಎಂದು ತಿಳಿಯಲು. ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ "ಆಡಿಟ್" ಎಂಬ 10 ಪ್ರಶ್ನೆಗಳ ಪಟ್ಟಿಗೆ ಉತ್ತರಿಸಿ ನೋಡಿ. ಒಟ್ಟು 40 ಅಂಕದಲ್ಲಿ 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಮಟ್ಟದಲ್ಲಿದೆ. 20 ಅಥವಾ ಹೆಚ್ಚು ಬಂದರೆ ದೇಹವೇ ಅದಕ್ಕೆ ಅಂಟಿಕೊಂಡಿರುವ ಸಾಧ್ಯತೆ ಇದೆ.

ಒಮ್ಮೆಲೇ ನಿಲ್ಲಿಸಬಾರದವರು

ಈ ಭಾಗವನ್ನು ಹಾರಿಸಿ ಓದಬೇಡಿ. ಮದ್ಯ ಮಿದುಳಿನ ಬ್ರೇಕನ್ನು ಒತ್ತಿ ಹಿಡಿಯುತ್ತದೆ. ದಿನಾ ಹೀಗಾದಾಗ ಮಿದುಳು ತನ್ನ ಸ್ವಂತ ಬ್ರೇಕನ್ನು ಸಡಿಲಿಸಿ, ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಸರಿದೂಗಿಸಿಕೊಳ್ಳುತ್ತದೆ. ಮದ್ಯ ದಿಢೀರನೆ ನಿಂತರೆ ಉಳಿಯುವುದು ಆಕ್ಸಿಲರೇಟರ್ ಮಾತ್ರ. ಕೊನೆಯ ಗುಟುಕಾದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ, ಎದೆ ಬಡಿತ, ಕಳವಳ ಶುರುವಾಗುತ್ತವೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ. ಇನ್ನೂ ಅಪಾಯದ್ದು ಎರಡರಿಂದ ನಾಲ್ಕನೇ ದಿನದ ನಡುವೆ ಬರುವ ಡೆಲಿರಿಯಂ: ಸ್ಥಳ-ಸಮಯದ ಅರಿವು ತಪ್ಪುವುದು, ಇಲ್ಲದ್ದು ಕಾಣುವುದು, ಜ್ವರ, ರಕ್ತದೊತ್ತಡ ಏರುವುದು. ಚಿಕಿತ್ಸೆ ಸಿಗದಿದ್ದರೆ ಇದು ಜೀವ ತೆಗೆಯಬಹುದು. "ಎರಡು ದಿನ ಗಟ್ಟಿಯಾಗಿದ್ದ, ಮೂರನೇ ದಿನ ಏನೇನೋ ಮಾತಾಡೋಕೆ ಶುರುಮಾಡಿದ" ಎಂದು ಮನೆಯವರು ಹೇಳುವುದು ಇದನ್ನೇ. ಅದನ್ನು ಹಟವೆಂದೋ ಹುಚ್ಚೆಂದೋ ತಿಳಿದು ಕೋಣೆಗೆ ಬೀಗ ಹಾಕಿ ಕೂರಬಾರದು; ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ದಿನಕ್ಕೆ 120 ಗ್ರಾಂ ಆಲ್ಕೋಹಾಲ್‌ನ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಕುಡಿಯುವವರು (ಶೇ. 40ರ ಮದ್ಯವಾದರೆ ಸುಮಾರು 375 ಮಿ.ಲೀ.) ವೈದ್ಯರನ್ನು ಕಾಣದೆ ನಿಲ್ಲಿಸಬಾರದು. ಅಷ್ಟು ಕುಡಿಯದಿದ್ದರೂ ಬೆಳಿಗ್ಗೆ ಎದ್ದಾಗ ಕೈ ನಡುಗಿ, ಒಂದು ಗುಟುಕು ಹಾಕಿದರೆ ಅದು ನಿಲ್ಲುತ್ತಿದ್ದರೆ ನಿಮಗೂ ಇದೇ ಮಾತು. ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಡೆಲಿರಿಯಂ ಬಂದಿದ್ದವರು, ಗರ್ಭಿಣಿಯರು, ಲಿವರ್ ಅಥವಾ ಹೃದಯದ ತೊಂದರೆ ಇರುವವರು, ಮನೆಯಲ್ಲಿ ಒಬ್ಬರೇ ಇರುವವರು ದಾಖಲಾಗಿ ಬಿಡುವುದೇ ಸರಿ. "ಕಳೆದ ಸಲ ಏನೂ ಆಗಲಿಲ್ಲ" ಎಂಬ ಧೈರ್ಯವೂ ಬೇಡ. ಬಿಟ್ಟು ಮತ್ತೆ ಹಿಡಿಯುವುದು ಮರುಕಳಿಸಿದಷ್ಟೂ ಮುಂದಿನ ಸಲದ ಲಕ್ಷಣಗಳು ತೀವ್ರವಾಗುವ ಸಂಭವ ಹೆಚ್ಚು.

ವೈದ್ಯರು ಕೊಡುವುದು ಸಾಮಾನ್ಯವಾಗಿ ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಗುಂಪಿನ ಮಾತ್ರೆ. ಮೊದಲ ದಿನ ಹೆಚ್ಚು, ಒಂದು ವಾರದಲ್ಲಿ ಇಳಿಸುತ್ತಾ ಸೊನ್ನೆ. ಇದನ್ನು ಬೇರೆಯವರ ಚೀಟಿ ನೋಡಿ ನುಂಗಬಾರದು. ಮದ್ಯದ ಜೊತೆ ಸೇರಿದರೆ ಉಸಿರಾಟವನ್ನೇ ತಗ್ಗಿಸುತ್ತದೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ಬಹಳ ಕುಡಿಯುವವರಲ್ಲಿ ಇದು ಖಾಲಿಯಾಗಿರುತ್ತದೆ: ಊಟ ಕಡಿಮೆ, ತಿಂದದ್ದೂ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗುವುದಿಲ್ಲ. ಸಕ್ಕರೆಯನ್ನು ಶಕ್ತಿಯಾಗಿಸಲು ಮಿದುಳಿಗೆ ಥಯಾಮಿನ್ ಬೇಕೇಬೇಕು. ಅದಿಲ್ಲದವರಿಗೆ ಬರೀ ಗ್ಲೂಕೋಸ್ ಡ್ರಿಪ್ ಏರಿಸಿದರೆ ಗೊಂದಲ, ತೂರಾಟ, ಕಣ್ಣಿನ ಚಲನೆ ಕೆಡುವ ಮಿದುಳಿನ ತೊಂದರೆ ಎದುರಾಗಬಹುದು. ನಡುಗುತ್ತಿರುವವರಿಗೆ ಮನೆಯಲ್ಲಿ ಗ್ಲೂಕೋಸ್ ನೀರು ಕುಡಿಸಿ "ಸುಸ್ತು, ಸರಿಹೋಗುತ್ತೆ" ಎಂದು ಕಾಯುವುದರಿಂದ ಪ್ರಯೋಜನವಿಲ್ಲ. ಆ ನಡುಕ ಸಕ್ಕರೆ ಕಡಿಮೆಯಾಗಿ ಬಂದದ್ದಲ್ಲ.

ನಿಧಾನವಾಗಿ ಇಳಿಸುವ ದಾರಿಯೂ ಇದೆ. ವೈದ್ಯರು ಒಪ್ಪಿದರೆ, ಏಳು ದಿನದ ಹಾಳೆಯ ಸರಾಸರಿ ತೆಗೆದುಕೊಂಡು ನಾಲ್ಕು ದಿನಕ್ಕೊಮ್ಮೆ ಹತ್ತನೇ ಒಂದು ಭಾಗ ಕಡಿಮೆ ಮಾಡುತ್ತಾ ಬನ್ನಿ. ನಡುಕ, ಬೆವರು ಮರಳಿದರೆ ಅದೇ ಅಳತೆಯಲ್ಲಿ ಒಂದು ವಾರ ನಿಂತು ಮುಂದುವರಿಯಿರಿ. ಇದು ಕೆಡುವುದು ಬಹುತೇಕ ಅಳೆಯದೆ ಸುರಿದುಕೊಳ್ಳುವುದರಿಂದ. ಅಳತೆ ಲೋಟ ಇಲ್ಲದೆ ಇಳಿಸುತ್ತೇನೆ ಎನ್ನುವುದು ತನಗೆ ತಾನೇ ಹೇಳಿಕೊಳ್ಳುವ ಸುಳ್ಳು.

ಮೊದಲ ಹದಿನೈದು ದಿನ

ವಾರಕ್ಕೆ ಒಂದೆರಡು ಸಲ ಕುಡಿಯುವವರು, ನಡುಕವೇನೂ ಇಲ್ಲದವರು ಒಂದು ದಿನ ಗೊತ್ತುಮಾಡಿ ನೇರವಾಗಿ ನಿಲ್ಲಿಸಬಹುದು. ಹಿಂದಿನ ದಿನವೇ ಮನೆಯಲ್ಲಿರುವ ಬಾಟಲಿಗಳನ್ನು ಖಾಲಿ ಮಾಡಿ. ಸಿಂಕಿಗೆ ಸುರಿದು, ಹೊಟ್ಟೆಗಲ್ಲ. ಅತಿಥಿಗಳಿಗೆ ಇರಲಿ ಎಂದು ಒಂದನ್ನು ಎತ್ತಿಟ್ಟರೆ ಆ ಅತಿಥಿ ನೀವೇ ಆಗುತ್ತೀರಿ.

ನಿದ್ದೆ ಕೆಡುತ್ತದೆ, ಅದಕ್ಕೆ ಸಿದ್ಧರಾಗಿರಿ. ಮದ್ಯ ಬೇಗ ನಿದ್ದೆ ಬರಿಸಿದರೂ ಕನಸಿನ ನಿದ್ದೆಯನ್ನು ಅದುಮಿ, ರಾತ್ರಿಯ ಎರಡನೇ ಅರ್ಧವನ್ನು ತುಂಡು ತುಂಡಾಗಿಸುತ್ತದೆ. ಬಿಟ್ಟಾಗ ಅದುಮಿಟ್ಟ ಕನಸುಗಳೆಲ್ಲ ಒಟ್ಟಿಗೆ ಬರುತ್ತವೆ. ಕುಡಿದ ಹಾಗೆ ಕನಸು ಬಿದ್ದು ಬೆಚ್ಚಿ ಏಳುವುದು ತೀರಾ ಸಾಮಾನ್ಯ. ಎರಡು ಮೂರು ವಾರದಲ್ಲಿ ಹೆಚ್ಚಿನವರಿಗೆ ನಿದ್ದೆ ಸುಧಾರಿಸುತ್ತದೆ, ಬಹಳ ವರ್ಷ ಕುಡಿದವರಿಗೆ ತಿಂಗಳುಗಳೇ ಹಿಡಿಯಬಹುದು. ಮಧ್ಯಾಹ್ನ ಎರಡರ ನಂತರ ಕಾಫಿ-ಟೀ ನಿಲ್ಲಿಸಿ, ನಿದ್ದೆ ಬರಲಿ ಬಿಡಲಿ ಏಳುವ ಸಮಯವನ್ನು ಮಾತ್ರ ಬದಲಿಸಬೇಡಿ. ತಲೆನೋವಿಗೆ ಪ್ಯಾರಾಸಿಟಮಾಲ್ ಬೇಕೆನಿಸಿದರೆ, ಹೆಚ್ಚು ಕುಡಿಯುತ್ತಿದ್ದವರು ವೈದ್ಯರನ್ನು ಕೇಳದೆ ದಿನಕ್ಕೆ 2 ಗ್ರಾಂ, ಅಂದರೆ 500 ಮಿ.ಗ್ರಾಂನ ನಾಲ್ಕು ಮಾತ್ರೆ ಮೀರಬಾರದು.

ಕುಡಿಯಬೇಕೆನ್ನುವ ತುಡಿತ ದಿನವಿಡೀ ಇರುವುದಿಲ್ಲ. ಅಲೆಯಂತೆ ಏರಿ, ಹೆಚ್ಚಾಗಿ 15-30 ನಿಮಿಷದಲ್ಲಿ ಇಳಿಯುತ್ತದೆ. ಇಡೀ ಜನ್ಮಕ್ಕೆ ಆಣೆ ಮಾಡುವುದಕ್ಕಿಂತ ಆ ಅರ್ಧ ಗಂಟೆಗೆ ಏನು ಮಾಡುವುದು ಎಂದು ಮೊದಲೇ ಗೊತ್ತಿರುವುದು ಮುಖ್ಯ. ನಿಮ್ಮ ಹಾಳೆ ನೋಡಿ. ಸಂಜೆ ಏಳಕ್ಕೆ ಶುರುವಾಗುತ್ತಿತ್ತು ಎಂದಾದರೆ ಆರೂವರೆಗೇ ಹೊಟ್ಟೆಗೆ ಏನಾದರೂ ಬಿದ್ದಿರಬೇಕು: ಮೊಟ್ಟೆ, ಕಾಳು, ಮೊಸರು, ಕಡಲೆಬೀಜದಂಥ ಪ್ರೋಟೀನ್ ಇರುವ ತಿನಿಸು. ಖಾಲಿ ಹೊಟ್ಟೆಯೇ ತುಡಿತದ ದೊಡ್ಡ ಮಿತ್ರ. ಕೋಪ, ಒಂಟಿತನ, ದಣಿವು ಇವು ಉಳಿದ ಮೂರು. ತುಡಿತ ಬಂದಾಗ ಈ ನಾಲ್ಕರಲ್ಲಿ ಯಾವುದು ಎಂದು ಕೇಳಿಕೊಂಡರೆ ಅರ್ಧ ಉತ್ತರ ಸಿಕ್ಕ ಹಾಗೆ.

ಕೂಟಗಳಿಗೆ ಮೊದಲ ತಿಂಗಳು ಹೋಗದಿದ್ದರೆ ಒಳ್ಳೆಯದು. ಹೋಗಲೇಬೇಕಾದರೆ ಊಟ ಮುಗಿಸಿ ಹೋಗಿ, ಕೈಯಲ್ಲಿ ಸದಾ ಸೋಡಾ ಅಥವಾ ನೀರಿನ ಲೋಟ ಇರಲಿ, ವಾಪಸ್ ಬರುವ ವ್ಯವಸ್ಥೆ ನಿಮ್ಮ ಕೈಯಲ್ಲೇ ಇರಲಿ. "ಇಲ್ಲಪ್ಪ, ನಾನು ಬಿಟ್ಟಿದ್ದೀನಿ" ಎಂಬ ಒಂದೇ ವಾಕ್ಯ ಸಾಕು. ಕಾರಣ ವಿವರಿಸಲು ಹೋದರೆ ಎದುರಿನವರು ವಾದಕ್ಕೆ ಕೂರುತ್ತಾರೆ. ಆಲ್ಕೋಹಾಲ್ ಇಲ್ಲದ ಬಿಯರ್ ಬಗ್ಗೆ ನಮ್ಮ ಅಭಿಪ್ರಾಯ: ಮೊದಲ ಮೂರು ತಿಂಗಳು ಬೇಡ. ವಾಸನೆ, ಲೋಟ, ನೊರೆ ಎಲ್ಲವೂ ಹಳೆಯ ಅಭ್ಯಾಸವನ್ನು ಎಬ್ಬಿಸುತ್ತವೆ, ಕೆಲವದರಲ್ಲಿ ಶೇ. 0.5ರವರೆಗೆ ಆಲ್ಕೋಹಾಲ್ ಇರುತ್ತದೆ, ಸಕ್ಕರೆಯೂ ಕಡಿಮೆ ಇರುವುದಿಲ್ಲ.

ಈ ದಿನಗಳಲ್ಲಿ ಸಿಹಿ ಬೇಕೆನಿಸಿದರೆ ತಿನ್ನಿ. ಎರಡೇ ಷರತ್ತು: ಊಟದ ನಂತರ ಮಾತ್ರ, ಮತ್ತು ಅಗಿದು ತಿನ್ನುವಂಥದ್ದು ಮಾತ್ರ. ಸಿಹಿ ಪಾನೀಯ ಬೇಡ. ಸಂಜೆ ಏಳಕ್ಕೆ ಲೋಟದಲ್ಲಿದ್ದ ರಮ್ ಜಾಗಕ್ಕೆ ಕೋಲಾ ಬಂದು ಕೂತರೆ, ಮುಂದೆ ಅದನ್ನು ಬಿಡಿಸುವುದು ಇನ್ನೊಂದು ಯುದ್ಧ. ಕುಡಿತ ಬಿಟ್ಟೂ ತೂಕ ಏರಿಸಿಕೊಳ್ಳುವವರು ಬಹುಪಾಲು ಎಡವುವುದು ಇಲ್ಲೇ.

ಮಾತ್ರೆಗಳ ಬಗ್ಗೆ ಎರಡು ಮಾತು

ನಾಲ್ಟ್ರೆಕ್ಸೋನ್ ಕುಡಿತದ ಖುಷಿಯನ್ನು ಮಂಕಾಗಿಸುತ್ತದೆ. ಓಪಿಯಾಯ್ಡ್, ಅಂದರೆ ಅಫೀಮಿನ ಬಗೆಯ ನೋವು ನಿವಾರಕ ತೆಗೆದುಕೊಳ್ಳುವವರಿಗೆ ಕೂಡದು. ಅಕಾಂಪ್ರೊಸೇಟ್ ಬಿಟ್ಟವರಲ್ಲಿ ತುಡಿತ ತಗ್ಗಿಸಲು. ದಿನಕ್ಕೆ ಮೂರು ಹೊತ್ತು ನೆನಪಿಟ್ಟು ನುಂಗಬೇಕು, ಕಿಡ್ನಿ ಸರಿಯಿರಬೇಕು. ಡೈಸಲ್ಫಿರಾಮ್ ಬೇರೆಯೇ ಬಗೆಯದು: ಅದನ್ನು ನುಂಗಿ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಕೊನೆಯ ಗುಟುಕಾಗಿ ಕನಿಷ್ಠ 12 ಗಂಟೆ ಕಳೆದಿರಬೇಕು; ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪರಿಣಾಮ ಉಳಿಯಬಹುದು. ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್, ಮೌತ್‌ವಾಶ್ ಕೂಡ ಆಗುವುದಿಲ್ಲ. ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಇದನ್ನು ಬೆರೆಸುವ ಮನೆಗಳಿವೆ. ಉದ್ದೇಶ ಒಳ್ಳೆಯದಿರಬಹುದು, ಆದರೆ ತಿಳಿಯದೆ ಕುಡಿದ ಹೃದ್ರೋಗಿಯ ಪ್ರಾಣವೇ ಹೋಗಬಹುದು.

ಈಗ ಸಕ್ಕರೆ

ನಾಲ್ಕನೇ ವಾರದ ಹೊತ್ತಿಗೆ ಸಂಜೆಯ ತುಡಿತ ತಗ್ಗಿದ್ದರೆ ಇದನ್ನು ಶುರುಮಾಡಿ, ಇಲ್ಲದಿದ್ದರೆ ಇನ್ನೆರಡು ವಾರ ಕಾಯಿರಿ. ಅವಸರ ಇಲ್ಲ. ಹಾಗಂತ ಮರೆತುಬಿಡುವಂತೆಯೂ ಇಲ್ಲ. ಸಾಮಾನ್ಯ ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದನ್ನು ಅರಗಿಸುವ ಹೊರೆ ಹೆಚ್ಚಾಗಿ ಲಿವರ್‌ನದ್ದೇ, ಮಿತಿ ಮೀರಿದರೆ ಅಲ್ಲೇ ಕೊಬ್ಬಾಗಿ ಕೂರುತ್ತದೆ. ಮದ್ಯದಿಂದ ಕೊಬ್ಬು ತುಂಬಿದ್ದ ಲಿವರ್‌ಗೆ ಈಗ ಸಕ್ಕರೆಯಿಂದ ಅದೇ ಕೊಬ್ಬು ತುಂಬಿಸಿದರೆ ಬಿಟ್ಟ ಲಾಭ ಅರ್ಧವೇ.

ಗುರಿ ಎಷ್ಟಿರಬೇಕು? ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ ಹೊರಗಿನಿಂದ ಬೆರೆತ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ಊಟಕ್ಕೆ ಅದು 50 ಮತ್ತು 25 ಗ್ರಾಂ. ಒಂದು ಮಟ್ಟಸ ಟೀ ಚಮಚ 4 ಗ್ರಾಂ ಎಂದಿಟ್ಟುಕೊಂಡರೆ ಹನ್ನೆರಡು ಮತ್ತು ಆರು ಚಮಚ. ಜೇನು, ಬೆಲ್ಲ, ಕಂದು ಸಕ್ಕರೆ, ಸಿರಪ್, ಹಣ್ಣಿನ ರಸ ಎಲ್ಲವೂ ಈ ಲೆಕ್ಕದೊಳಗೆ. ಇಡೀ ಹಣ್ಣು ಮತ್ತು ಹಾಲಿನಲ್ಲಿ ಸಹಜವಾಗಿರುವ ಸಕ್ಕರೆ ಲೆಕ್ಕದ ಹೊರಗೆ. ಹಣ್ಣನ್ನು ಹಿಂಡಿದರೆ ನಾರು ಹೋಗಿ, ನಾಲ್ಕು ಹಣ್ಣಿನ ಸಕ್ಕರೆ ಒಂದೇ ಲೋಟಕ್ಕೆ ಇಳಿಯುತ್ತದೆ.

ಮೊದಲ ವಾರ ಪಾನೀಯಗಳನ್ನು ಮಾತ್ರ ನೋಡಿ, ಬೇರೇನೂ ಮುಟ್ಟಬೇಡಿ. 330 ಮಿ.ಲೀ.ಯ ಒಂದು ಕ್ಯಾನ್ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇದೆ, ಅಂದರೆ ಒಂಬತ್ತು ಚಮಚ. ದ್ರವದ ಸಕ್ಕರೆ ಹೊಟ್ಟೆ ತುಂಬಿಸುವುದಿಲ್ಲ, ಆದ್ದರಿಂದ ಅದನ್ನು ಬಿಟ್ಟರೆ ಹಸಿವೂ ಹೆಚ್ಚುವುದಿಲ್ಲ. ಇಷ್ಟು ಸುಲಭದ ಲಾಭ ಬೇರೆ ಹಂತಗಳಲ್ಲಿ ಇಲ್ಲ.

ಎರಡನೇ ವಾರದಿಂದ ಟೀ-ಕಾಫಿ. ಎರಡು ಚಮಚ ಹಾಕುವವರು ಒಂದೂವರೆಗೆ ಇಳಿಸಿ, ಎರಡು ವಾರ ಬಿಟ್ಟು ಒಂದಕ್ಕೆ, ಹಾಗೇ ಅರ್ಧಕ್ಕೆ. ದಿನಕ್ಕೆ ನಾಲ್ಕು ಲೋಟ ಕುಡಿಯುವವರಿಗೆ ಎರಡರಿಂದ ಅರ್ಧಕ್ಕೆ ಬಂದರೇ ದಿನಕ್ಕೆ 24 ಗ್ರಾಂ ಉಳಿಯುತ್ತದೆ. ಒಂದೇ ದಿನ ಸೊನ್ನೆ ಮಾಡಿದವರು ಮೂರನೇ ದಿನ ಮುಖ ಸಿಂಡರಿಸಿ ಡಬ್ಬಿಗೆ ಕೈ ಹಾಕುತ್ತಾರೆ. ನಾಲಿಗೆ ಒಗ್ಗಲು ವಾರಗಳು ಬೇಕು. ಎರಡು ಮೂರು ತಿಂಗಳಾದ ಮೇಲೆ ಹಳೆಯ ಅಳತೆಯ ಟೀ ಕುಡಿದರೆ ಪಾಯಸದ ಹಾಗೆ ಅನಿಸುತ್ತದೆ. ಚಮಚ ಮಾತ್ರ ಒಂದೇ ಇರಲಿ, ಮಟ್ಟಸವಾಗಿ ಅಳೆಯಿರಿ. ಗೋಪುರದಂತೆ ಏರಿಸಿದ ಚಮಚದಲ್ಲಿ ಎರಡು ಚಮಚದಷ್ಟಿರುತ್ತದೆ.

ಆಮೇಲೆ ಪೊಟ್ಟಣದ ತಿನಿಸು. ಲೇಬಲ್‌ನಲ್ಲಿ ದೊಡ್ಡಕ್ಷರದ್ದನ್ನು ಬಿಟ್ಟು ಹಿಂಬದಿಯ "100 ಗ್ರಾಂಗೆ" ಎಂಬ ಸಾಲು ಓದಿ. ಒಟ್ಟು ಸಕ್ಕರೆ 5 ಗ್ರಾಂ ಅಥವಾ ಕಡಿಮೆ ಇದ್ದರೆ ಕಡಿಮೆ, 22.5 ಗ್ರಾಂ ದಾಟಿದರೆ ಹೆಚ್ಚು. "ಒಂದು ಸರ್ವಿಂಗ್‌ಗೆ" ಎಂಬ ಸಾಲು ದಾರಿ ತಪ್ಪಿಸುತ್ತದೆ, ಯಾಕೆಂದರೆ ಎರಡು ಬಿಸ್ಕತ್ತನ್ನು ಒಂದು ಸರ್ವಿಂಗ್ ಎಂದು ಬರೆದವರು ನೀವು ಎರಡಕ್ಕೇ ನಿಲ್ಲುತ್ತೀರಿ ಎಂದು ನಂಬಿರುತ್ತಾರೆ. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಸುಕ್ರೋಸ್, ಡೆಕ್ಸ್‌ಟ್ರೋಸ್, ಮಾಲ್ಟೋಸ್, ಇನ್ವರ್ಟ್ ಸಿರಪ್, ಕಾರ್ನ್ ಸಿರಪ್, ಹಣ್ಣಿನ ಕಾನ್ಸಂಟ್ರೇಟ್ ಎಂದು ನಾಲ್ಕೈದು ಹೆಸರಲ್ಲಿ ಹಂಚಿಬಿಟ್ಟರೆ ಯಾವುದೂ ಮೊದಲ ಸ್ಥಾನಕ್ಕೆ ಬರುವುದಿಲ್ಲ. ಒಟ್ಟು ಕೂಡಿಸಿದರೆ ಅದೇ ಮೊದಲು. ಸಾಸ್, ಪರಿಮಳದ ಮೊಸರು, ಬೆಳಗಿನ ಸೀರಿಯಲ್, ಪ್ರೋಟೀನ್ ಬಾರ್ ಇವುಗಳ ಲೇಬಲ್ ತಪ್ಪದೆ ನೋಡಿ.

ಸಿಹಿತಿಂಡಿಯನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಮೇಲಿನ ಮೂರು ಹಂತ ದಾಟಿದವರಿಗೆ ವಾರಕ್ಕೆ ಒಂದೆರಡು ಸಲ ಇಷ್ಟದ ಸಿಹಿ ತಿನ್ನಲು ಜಾಗ ಉಳಿದಿರುತ್ತದೆ, ಅದನ್ನು ಕಿತ್ತುಕೊಳ್ಳುವ ಅಗತ್ಯವಿಲ್ಲ.

ಕೃತಕ ಸಿಹಿಕಾರಕಗಳು ಊರುಗೋಲಾಗಿ ಕೆಲವು ವಾರ ಸರಿ. ತೂಕ ಇಳಿಸಲೆಂದು ಅವನ್ನೇ ನೆಚ್ಚಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನಾಲಿಗೆ ಸಿಹಿಯ ಮಟ್ಟ ಇಳಿಸಿಕೊಳ್ಳದಿದ್ದರೆ ಈ ಕಸರತ್ತು ಮುಗಿಯುವುದೇ ಇಲ್ಲ. "ಸಕ್ಕರೆರಹಿತ" ಚಾಕೊಲೇಟ್‌ನಲ್ಲಿರುವ ಮಾಲ್ಟಿಟಾಲ್, ಸಾರ್ಬಿಟಾಲ್ ಹೆಚ್ಚಾದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ.

ಮಧುಮೇಹ ಇರುವವರಿಗೆ

ಮದ್ಯ ದೇಹದಲ್ಲಿರುವಾಗ ಲಿವರ್ ಹೊಸದಾಗಿ ಗ್ಲೂಕೋಸ್ ತಯಾರಿಸುವುದು ಕುಗ್ಗುತ್ತದೆ. ಅದಕ್ಕೇ ಕುಡಿದು ಊಟ ಬಿಟ್ಟವರ ಶುಗರ್ ರಾತ್ರಿ ಕುಸಿಯುವುದು. ತೂರಾಡುವವರನ್ನು ಕುಡಿದಿದ್ದಾರೆಂದು ಬಿಟ್ಟುಬಿಟ್ಟು ಅನಾಹುತವಾಗುವುದೂ ಇದೆ. ಕುಡಿತ ನಿಲ್ಲಿಸಿದಾಗ ಮತ್ತು ಸಕ್ಕರೆ ಇಳಿಸಿದಾಗ ಎರಡೂ ಸಲ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಥರದ ಮಾತ್ರೆಯ ಡೋಸ್ ಬದಲಿಸಬೇಕಾಗಬಹುದು. ಶುರುಮಾಡುವ ಮೊದಲೇ ವೈದ್ಯರಿಗೆ ಹೇಳಿ. ಮೊದಲ ಎರಡು ವಾರ ಬೆಳಿಗ್ಗೆ ಮತ್ತು ಮಲಗುವ ಮುನ್ನ ಗ್ಲೂಕೋಮೀಟರ್‌ನಲ್ಲಿ ನೋಡಿಕೊಳ್ಳಿ. 70 ಮಿ.ಗ್ರಾಂಗಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಅಥವಾ ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. "ಸಕ್ಕರೆ ಬಿಟ್ಟಿದ್ದೀನಲ್ಲ" ಎಂಬ ನಿಯಮ ಆ ಹೊತ್ತಿಗೆ ಅನ್ವಯಿಸುವುದಿಲ್ಲ.

ನಡುವೆ ಒಂದು ದಿನ ಕುಡಿದುಬಿಟ್ಟರೆ

ಅಲ್ಲಿಗೇ ನಿಲ್ಲಿಸಿ, ಮರುದಿನ ಬೆಳಿಗ್ಗೆ ಆ ಹಾಳೆಯಲ್ಲಿ ಬರೆಯಿರಿ: ಎಷ್ಟು ಹೊತ್ತಿಗೆ, ಯಾರ ಜೊತೆ, ಹೊಟ್ಟೆಯಲ್ಲಿ ಏನಿತ್ತು. ಹೆಚ್ಚು ಕೆಡಿಸುವುದು ಮೊದಲ ಪೆಗ್ ಅಲ್ಲ, "ಹೇಗೂ ಕೆಟ್ಟಿತು" ಎಂದು ಹಾಕುವ ಮುಂದಿನವು. ಬಿಟ್ಟು ತಿಂಗಳಾದವರಿಗೆ ತಾಳಿಕೆ ತಗ್ಗಿರುತ್ತದೆ. ಹಿಂದೆ ದಕ್ಕುತ್ತಿದ್ದ ಅಳತೆ ಈಗ ಪ್ರಜ್ಞೆ ತಪ್ಪಿಸಬಹುದು. ನಾಲ್ಕೈದು ದಿನ ಸತತವಾಗಿ ಕುಡಿದಿದ್ದರೆ ಮತ್ತೆ ನಿಲ್ಲಿಸುವ ಮೊದಲು ನಡುಕದ ಮಾತನ್ನು ಮತ್ತೆ ಓದಿ.

ರಕ್ತ ಪರೀಕ್ಷೆ ಯಾವಾಗ

ಶುರುವಿನಲ್ಲಿ ಒಮ್ಮೆ ಲಿವರ್ ಪರೀಕ್ಷೆ, ಟ್ರೈಗ್ಲಿಸರೈಡ್, ಎಚ್‌ಬಿಎ1ಸಿ ಮಾಡಿಸಿ, ತೂಕ, ಸೊಂಟದ ಸುತ್ತಳತೆ, ಬಿಪಿ ಬರೆದಿಡಿ. ಬಿಪಿ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ. ಕುಡಿತಕ್ಕೆ ಏರುವ ಜಿಜಿಟಿ ಎಂಬ ಲಿವರ್ ಕಿಣ್ವ ಎರಡು ಮೂರು ವಾರಕ್ಕೆ ಅರ್ಧವಾಗುತ್ತಾ ಒಂದೆರಡು ತಿಂಗಳಲ್ಲಿ ಹತೋಟಿಗೆ ಬರುತ್ತದೆ. ಹಾಗಾಗಿ ಹತ್ತನೇ ದಿನಕ್ಕೇ ಪರೀಕ್ಷೆ ಮಾಡಿಸಿ ನಿರಾಶರಾಗಬೇಡಿ, ಎಂಟನೇ ವಾರಕ್ಕೆ ಮಾಡಿಸಿ. ಎಚ್‌ಬಿಎ1ಸಿ ಹಿಂದಿನ ಸುಮಾರು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ, ಸಕ್ಕರೆ ಇಳಿಸಲು ಶುರುಮಾಡಿ ಮೂರು ತಿಂಗಳಾದ ಮೇಲೆ ನೋಡಿದರೆ ಸಾಕು. ಎಂಟು ವಾರ ಒಂದು ಹನಿ ಮುಟ್ಟದಿದ್ದರೂ ಲಿವರ್ ಅಂಕಿಗಳು ಇಳಿಯದಿದ್ದರೆ ಕಾರಣ ಬೇರೆ ಇರಬಹುದು: ತೂಕ, ಬೇರೆ ಔಷಧ, ಹೆಪಟೈಟಿಸ್. ಆಗ ಅಲ್ಟ್ರಾಸೌಂಡ್ ಮತ್ತು ಹೆಪಟೈಟಿಸ್ ಬಿ, ಸಿ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ನೀವೇ ಕೇಳಿ.